ಕಿಮೋನೊ: ಅಂಗಡಿಗೆ ಬಂದದ್ದೇನು, ದಾರಿಯಲ್ಲಿ ಕಳೆದುಹೋದದ್ದೇನು?

ಹೊಲಿಗೆ ತರಬೇತಿಗೆ ಹೋಗಿ ಬಂದವರಿಗೆ 'ಕಿಮೋನೊ ತೋಳು' ಎಂಬ ಮಾತು ಗೊತ್ತಿರುತ್ತದೆ. ನನ್ನ ತಂಗಿ ಹೊಲಿಗೆ ಕಲಿಯುತ್ತಿದ್ದಾಗ ಅವಳ ನೋಟ್ ಪುಸ್ತಕದ ಒಂದು ಪುಟದಲ್ಲಿ ಕಂದು ಕಾಗದದ ಪುಟ್ಟ ಮಾದರಿಯೊಂದನ್ನು ಅಂಟಿಸಿ ಕೆಳಗೆ ಈ ಹೆಸರು ಬರೆದುಕೊಂಡಿದ್ದಳು. ತೋಳನ್ನು ಬೇರೆ ತುಂಡಾಗಿ ಕತ್ತರಿಸಿ ಕಂಕುಳಲ್ಲಿ ಕೂಡಿಸುವ ಬದಲು, ಮೈಭಾಗದ ಜೊತೆಗೇ ಒಂದಾಗಿ ಕತ್ತರಿಸಿದರೆ ಅದು ಕಿಮೋನೊ ತೋಳು. ಹೊಲಿಯುವುದು ಸುಲಭ, ತೊಡಲು ಹಗುರ. ಆದರೆ ಇದರಲ್ಲಿ ಒಂದು ಸೋಜಿಗವಿದೆ. ಜಪಾನಿನ ಕಿಮೋನೊದಲ್ಲಿ ಈ 'ಕಿಮೋನೊ ತೋಳು' ಇಲ್ಲ. ಅಲ್ಲಿ ತೋಳು ಬೇರೆಯೇ ತುಂಡು. ಅದನ್ನು ಮೈಭಾಗಕ್ಕೆ ನೇರ ಹೊಲಿಗೆಯಲ್ಲಿ ಕೂಡಿಸುತ್ತಾರೆ.

ಇದನ್ನು ಸಣ್ಣ ತಪ್ಪೆಂದು ಬಿಟ್ಟುಬಿಡಬಹುದಿತ್ತು. ಆದರೆ ಒಂದು ಉಡುಪು ದೇಶದಿಂದ ದೇಶಕ್ಕೆ ಹೋಗುವಾಗ ಅದರ ಯಾವ ಭಾಗ ಪ್ರಯಾಣ ಮಾಡುತ್ತದೆ, ಯಾವುದು ಬಂದರಿನಲ್ಲೇ ಉಳಿಯುತ್ತದೆ ಎಂಬ ಪ್ರಶ್ನೆಗೆ ಈ ತಪ್ಪು ಒಳ್ಳೆಯ ಸಾಕ್ಷಿ. ಇವತ್ತು ಕಿಮೋನೊ ಎಂಬ ಹೆಸರಿನಲ್ಲಿ ಬೀಚಿಗೆ ಹೋಗುವವರ ಮೇಲಂಗಿ ಸಿಗುತ್ತದೆ, ಮಲಗುವ ಕೋಣೆಯ ಗೌನು ಸಿಗುತ್ತದೆ, ಮದುವೆಗೆ ಹಾಕುವ ಜಾಕೆಟ್ ಸಿಗುತ್ತದೆ. ಬುರ್ಖಾ ಮಾರುವ ಅಂಗಡಿಗಳಲ್ಲಿ ಮುಂಭಾಗ ತೆರೆದ, ಅಗಲ ತೋಳಿನ ಅಬಾಯಕ್ಕೂ 'ಕಿಮೋನೊ ಅಬಾಯ' ಎಂಬ ಹೆಸರು ಬಂದಿದೆ. ಇವೆಲ್ಲಕ್ಕೂ ಜಪಾನಿಗೂ ಏನು ಸಂಬಂಧ? ಫ್ಯಾಶನ್ ಚರಿತ್ರೆಯ ಪುಸ್ತಕಗಳು ಕೊಡುವ ಉತ್ತರ ಹೀಗಿದೆ: ಯುರೋಪಿನ ಹೆಣ್ಣನ್ನು ಕಾರ್ಸೆಟ್‌ನ ಬಿಗಿತದಿಂದ ಬಿಡಿಸುವುದರಲ್ಲಿ ಕಿಮೋನೊದ ಪಾತ್ರ ದೊಡ್ಡದು, ಆಧುನಿಕ ಸ್ತ್ರೀ ಉಡುಪು ಅದರ ಋಣದಲ್ಲಿದೆ. ಈ ಉತ್ತರ ಸುಳ್ಳಲ್ಲ. ಆದರೆ ಪೂರ್ತಿ ಲೆಕ್ಕವೂ ಅಲ್ಲ. ಉಳಿದ ಲೆಕ್ಕವನ್ನು ಇಲ್ಲಿ ಸ್ವಲ್ಪ ನೋಡೋಣ.

ಮೊದಲು ಕಿಮೋನೊ ಎಂದರೇನು ಎಂಬುದು ತಿಳಿಯಬೇಕು. 'ಕಿ' ಎಂದರೆ ತೊಡುವುದು, 'ಮೋನೊ' ಎಂದರೆ ವಸ್ತು. ತೊಡುವ ವಸ್ತು, ಅಷ್ಟೇ. 19ನೇ ಶತಮಾನದ ಕೊನೆಯಲ್ಲಿ ಪಾಶ್ಚಾತ್ಯ ಬಟ್ಟೆಗಳು ಜಪಾನಿಗೆ ಬಂದು, ಅವುಗಳಿಂದ ತಮ್ಮದನ್ನು ಬೇರೆಯಾಗಿ ಗುರುತಿಸುವ ಅಗತ್ಯ ಬಿದ್ದಾಗಲೇ ಈ ಹೆಸರು ಎಲ್ಲೆಡೆ ಬಳಕೆಗೆ ಬಂದದ್ದು. ಅದಕ್ಕೆ ಮೊದಲು ಆ ಉಡುಪಿಗಿದ್ದ ಹೆಸರು ಕೊಸೊಡೆ, ಅಂದರೆ ಸಣ್ಣ ತೋಳಿನದು. ಒಂದು ಕಿಮೋನೊಗೆ ಬೇಕಾಗುವುದು ಒಂದು ಥಾನು ಬಟ್ಟೆ. ಸುಮಾರು 12 ಮೀಟರ್ ಉದ್ದ, ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಅಗಲ. ಇದನ್ನು ನೇರ ಗೆರೆಯಲ್ಲಿ ಮಾತ್ರ ಕತ್ತರಿಸುತ್ತಾರೆ. ಮೈಗೆ ಎರಡು ಉದ್ದ ಪಟ್ಟಿ, ತೋಳಿಗೆ ಎರಡು, ಮುಂಭಾಗದ ಮಡಿಕೆಗೆ ಎರಡು, ಕೊರಳಪಟ್ಟಿಗೆ ಮತ್ತು ಅದರ ಮೇಲಿನ ಹೊದಿಕೆಗೆ ಒಂದೊಂದು. ಸೊಂಟದ ತಿರುವಿಗೆ, ಎದೆಯ ಉಬ್ಬಿಗೆ ಬಟ್ಟೆಯನ್ನು ಬಾಗಿಸಿ ಕತ್ತರಿಸುವ ಮಾತೇ ಇಲ್ಲ. ನೆಲದ ಮೇಲೆ ಹಾಸಿದರೆ ಅದು ಚಪ್ಪಟೆ. ಮೈಮೇಲೆ ಬಂದಾಗಲೇ ಅದಕ್ಕೆ ಆಕಾರ.

ಹೀಗೆ ಕತ್ತರಿಸುವುದರ ಹಿಂದೆ ಸೌಂದರ್ಯದ ಲೆಕ್ಕದಷ್ಟೇ ಮನೆವಾರ್ತೆಯ ಲೆಕ್ಕವೂ ಇದೆ. ತುಂಡು ಬಟ್ಟೆ ಬಹುಪಾಲು ವ್ಯರ್ಥವಾಗುವುದಿಲ್ಲ. ಕೊಳೆಯಾದ ಕಿಮೋನೊವನ್ನು ಹೊಲಿಗೆ ಬಿಚ್ಚಿ, ತುಂಡುಗಳನ್ನು ಮತ್ತೆ ಥಾನಿನಂತೆ ಕೂಡಿಸಿ, ತೊಳೆದು, ಎಳೆದು ಒಣಗಿಸಿ, ಪುನಃ ಹೊಲಿಯುವ ಪದ್ಧತಿಗೆ ಅರೈಹಾರಿ ಎನ್ನುತ್ತಾರೆ. ಬಣ್ಣ ಮಾಸಿದರೆ ಇನ್ನೂ ಗಾಢವಾದ ಬಣ್ಣ ಅದ್ದಬಹುದು. ತಾಯಿಯದು ಮಗಳಿಗೆ, ದೊಡ್ಡವರದು ಮಕ್ಕಳಿಗೆ, ಹರಿದದ್ದು ಹಾಸಿಗೆಯ ಹೊದಿಕೆಗೆ, ಕೊನೆಗೆ ಒರೆಸುವ ಬಟ್ಟೆಗೆ. ಬಟ್ಟೆ ದುಬಾರಿಯಾಗಿದ್ದ ಕಾಲದ ವಿವೇಕ ಇದು.

ಹಾಗೆಂದು ಕಿಮೋನೊ ಸಾವಿರ ವರ್ಷದಿಂದ ಬದಲಾಗದೆ ನಿಂತ ಉಡುಪು ಎಂದು ಭಾವಿಸುವುದು ತಪ್ಪು. 'ಸಾಂಪ್ರದಾಯಿಕ' ಎಂಬ ಮಾತು ಇಲ್ಲಿ ನಮ್ಮನ್ನು ದಾರಿ ತಪ್ಪಿಸುತ್ತದೆ. 17ನೇ ಶತಮಾನದ ಜಪಾನಿನಲ್ಲೇ ಕಿಮೋನೊ ವಿನ್ಯಾಸಗಳ ಅಚ್ಚಾದ ಮಾದರಿ ಪುಸ್ತಕಗಳು ಮಾರಾಟಕ್ಕಿದ್ದವು. ಹಣವಂತ ವ್ಯಾಪಾರಿಗಳ ಮನೆಯ ಹೆಂಗಸರು ಸಮುರಾಯ್ ಮನೆತನದವರನ್ನು ಮೀರಿಸುವಂತೆ ಉಡತೊಡಗಿದಾಗ ಸರಕಾರ ಕಟ್ಟಳೆ ಹೊರಡಿಸಿತು. 1683ರ ಆಜ್ಞೆ ಚಿನ್ನದ ಜರಿ, ಕಸೂತಿ ಮತ್ತು ಮೈತುಂಬ ಗಂಟು ಕಟ್ಟಿ ಹಾಕುವ ಬಣ್ಣದ ಚುಕ್ಕಿಗಳ ಮೇಲೆ ನಿರ್ಬಂಧ ಹೇರಿತು. ಜನ ಅದಕ್ಕೂ ಉಪಾಯ ಕಂಡುಕೊಂಡರು. ಕ್ಯೋಟೋದ ಬೀಸಣಿಗೆ ಚಿತ್ರಗಾರ ಮಿಯಾಜಾಕಿ ಯೂಜೆನ್‌ನ ಹೆಸರಿನಲ್ಲಿ ಪ್ರಸಿದ್ಧವಾದ, ಬಟ್ಟೆಯ ಮೇಲೆ ಕುಂಚದಿಂದ ಬಣ್ಣ ತುಂಬುವ ಕಲೆ ಬೆಳೆದದ್ದು ಆ ಕಾಲದಲ್ಲೇ. ಹೊರಗೆ ಸಾದಾ ಬಣ್ಣ, ಒಳಗಿನ ಲೈನಿಂಗ್‌ನಲ್ಲಿ ಸೊಗಸು ತೋರುವ ಅಭಿರುಚಿಯೂ ಬೆಳೆಯಿತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ 2020ರಲ್ಲಿ ಏರ್ಪಡಿಸಿದ ದೊಡ್ಡ ಕಿಮೋನೊ ಪ್ರದರ್ಶನ ಒತ್ತಿ ಹೇಳಿದ್ದು ಇದನ್ನೇ: ಫ್ಯಾಶನ್ ಎಂಬುದು ಯುರೋಪಿನ ಸ್ವತ್ತಲ್ಲ, ಕಿಮೋನೊ ಹುಟ್ಟಿನಿಂದಲೇ ಫ್ಯಾಶನ್. ಪೂರ್ವದೇಶದವರಿಗೆ ಸಂಪ್ರದಾಯ, ಪಶ್ಚಿಮದವರಿಗೆ ಫ್ಯಾಶನ್ ಎಂಬ ಹಳೆಯ ಹಂಚಿಕೆಯನ್ನು ಪ್ರಶ್ನಿಸಿದ್ದಕ್ಕಾಗಿ ಆ ಪ್ರದರ್ಶನವನ್ನು ಮೆಚ್ಚಬೇಕು.

ಕಿಮೋನೊದ ಮೊದಲ ವಿದೇಶ ಯಾತ್ರೆ ನಮ್ಮ ದೇಶದ ಕರಾವಳಿಯನ್ನು ಹಾದು ಹೋಗಿದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಜಪಾನ್ ಹೊರಜಗತ್ತಿಗೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಯುರೋಪಿಯನ್ನರ ಪೈಕಿ ಡಚ್ಚರಿಗೆ ಮಾತ್ರ ನಾಗಸಾಕಿಯ ಡೆಜಿಮಾ ಎಂಬ ಪುಟ್ಟ ದ್ವೀಪದಲ್ಲಿ ವ್ಯಾಪಾರದ ಅನುಮತಿ ಇತ್ತು. ಅವರಿಗೆ ಶೋಗುನ್ ಆಸ್ಥಾನದಿಂದ ಉಡುಗೊರೆಯಾಗಿ ಬಂದ, ಹತ್ತಿ ತುಂಬಿದ ರೇಷ್ಮೆ ಗೌನುಗಳು ಹಾಲೆಂಡಿನ ಶ್ರೀಮಂತರ ಮನೆಗಳಲ್ಲಿ ಭಾರೀ ಬೇಡಿಕೆಯ ಸರಕಾದವು. ವರ್ಮೀರ್ 1669ರಲ್ಲಿ ಬಿಡಿಸಿದ ಭೂಗೋಳಜ್ಞನ ಚಿತ್ರದಲ್ಲಿ ಆ ವಿದ್ವಾಂಸ ತೊಟ್ಟಿರುವುದು ಇಂಥದೇ ಗೌನು. ಜಪಾನಿನಿಂದ ಬರುತ್ತಿದ್ದದ್ದು ಕೆಲವೇ ಕೆಲವು, ಕೇಳುವವರು ನೂರಾರು. ಆಗ ಡಚ್ಚರು ಅದೇ ಮಾದರಿಯನ್ನು ಕೋರಮಂಡಲ ತೀರದ ಚೀಟಿ ಬಟ್ಟೆಯಲ್ಲಿ ಹೊಲಿಸಿ ತರಿಸಿಕೊಂಡರು. ಇಂಗ್ಲೆಂಡಿನಲ್ಲಿ ಈ ಬಗೆಯ ಗೌನಿಗೆ 'ಬನಿಯನ್' ಎಂಬ ಹೆಸರು ಬಿತ್ತು. ಗುಜರಾತಿನ ವಾಣಿಯಾ ವ್ಯಾಪಾರಿಗಳ ಹೆಸರಿನಿಂದ ಬಂದ ಪದ ಅದು. ನಾವು ಅಂಗಿಯ ಒಳಗೆ ಹಾಕುವ ಬನಿಯನ್ ಕೂಡ ಅದೇ ಪದ. ಜಪಾನಿನ ಕತ್ತರಿ, ಭಾರತದ ಬಟ್ಟೆ, ಗುಜರಾತಿನ ಹೆಸರು, ಹಾಲೆಂಡಿನ ಗಿರಾಕಿ. ಯಾವ ಉಡುಪು ಯಾರದ್ದು ಎಂದು ಗಡಿ ಎಳೆಯಲು ಹೊರಡುವವರು ಈ ಒಂದು ಗೌನನ್ನು ನೋಡಿದರೆ ಸಾಕು.

ಎರಡನೆಯ ಯಾತ್ರೆ 1850ರ ದಶಕದಲ್ಲಿ ಅಮೆರಿಕದ ಯುದ್ಧನೌಕೆಗಳು ಜಪಾನಿನ ಬಂದರುಗಳನ್ನು ತೆರೆಸಿದ ಮೇಲೆ ಶುರುವಾಯಿತು. ಅಚ್ಚಿನ ಚಿತ್ರಗಳು, ಬೀಸಣಿಗೆಗಳು, ಪಿಂಗಾಣಿ, ಕಿಮೋನೊಗಳು ಪ್ಯಾರಿಸ್ಸಿಗೂ ಲಂಡನ್ನಿಗೂ ಹರಿದು ಬಂದವು. 1875ರಲ್ಲಿ ಆರ್ಥರ್ ಲಿಬರ್ಟಿ ಲಂಡನ್ನಿನ ರೀಜೆಂಟ್ ಬೀದಿಯಲ್ಲಿ ಅಂಗಡಿ ತೆರೆದು ಪೂರ್ವದೇಶಗಳ ಬಟ್ಟೆಗಳನ್ನು ಮಾರತೊಡಗಿದ. ಮರುವರ್ಷ ಕ್ಲಾಡ್ ಮೊನೆ ತನ್ನ ಹೆಂಡತಿ ಕಮೀಲ್‌ಗೆ ಕೆಂಪು ಕಿಮೋನೊ ತೊಡಿಸಿ, ತಲೆಗೆ ಹೊಂಬಣ್ಣದ ಕೃತಕ ಕೂದಲು ಇಟ್ಟು, ಕೈಯಲ್ಲಿ ಬೀಸಣಿಗೆ ಕೊಟ್ಟು 'ಲಾ ಜಪೊನೇಸ್' ಎಂಬ ಆಳೆತ್ತರದ ಚಿತ್ರ ಬಿಡಿಸಿದ. ಆ ಹೊಂಬಣ್ಣದ ಕೂದಲು ಗಮನಿಸತಕ್ಕದ್ದು. ಇವಳು ಜಪಾನಿನವಳಲ್ಲ, ಜಪಾನಿನ ಬಟ್ಟೆಯಲ್ಲಿ ಆಟವಾಡುತ್ತಿರುವ ಪ್ಯಾರಿಸ್ ಹೆಂಗಸು ಎಂದು ಚಿತ್ರವೇ ಹೇಳುತ್ತದೆ.

ಯುರೋಪಿನ ಮಹಿಳೆ ಮೊದಲಿಗೆ ಕಿಮೋನೊವನ್ನು ಬೀದಿಗೆ ತೊಟ್ಟು ಬರಲಿಲ್ಲ. ಅದು ಮನೆಯೊಳಗಿನ ಗೌನಾಯಿತು. ಹೊರಗೆ ಹೋಗುವಾಗ ಕಾರ್ಸೆಟ್, ಮನೆಗೆ ಬಂದು ಅದನ್ನು ಬಿಚ್ಚಿದಾಗ ಕಿಮೋನೊ. ಜಪಾನಿನಲ್ಲಿ ಅಂಗಡಿಗೆ, ಮದುವೆಗೆ, ಸಾವಿನ ಮನೆಗೆ ಉಟ್ಟು ಹೋಗುವ ಮರ್ಯಾದೆಯ ಉಡುಪು ಇಲ್ಲಿ ಮಲಗುವ ಕೋಣೆಯ ಉಡುಪಾಯಿತು. ಒಬಿ ಎಂಬ ಅಗಲ ನಡುಪಟ್ಟಿಯಿಲ್ಲದೆ, ಸಡಿಲವಾಗಿ ಇಳಿಬಿಟ್ಟ ಕಿಮೋನೊದ ಜೊತೆಗೆ ಪೂರ್ವದ ಹೆಣ್ಣು ಎಂದರೆ ಮೆತ್ತಗಿನವಳು, ವಶವಾಗುವವಳು ಎಂಬ ಕಲ್ಪನೆಯೂ ಅಂಟಿಕೊಂಡಿತು. 1904ರಲ್ಲಿ ರಂಗಕ್ಕೆ ಬಂದ ಪುಚಿನಿಯ 'ಮದಾಮ ಬಟರ್‌ಫ್ಲೈ' ಒಪೆರಾ ಆ ಕಲ್ಪನೆಯನ್ನು ಜಗತ್ತಿಗೆಲ್ಲ ಹಂಚಿತು. ಉಡುಪಿನ ಹಿಂದೆಯೇ ಇಂಥ ಕಲ್ಪನೆಗಳು ಹೇಗೆ ಸಾಗಿಬರುತ್ತವೆ ಎಂಬುದನ್ನು ಎಡ್ವರ್ಡ್ ಸಯೀದ್ ಓದಿದವರಿಗೆ ವಿವರಿಸಬೇಕಾಗಿಲ್ಲ.

ಇದೇ ಹೊತ್ತಿಗೆ ಜಪಾನಿನಲ್ಲಿ ಆಗುತ್ತಿದ್ದದ್ದು ಇದರ ತಲೆಕೆಳಗು. 1886ರಲ್ಲಿ ಸಾಮ್ರಾಜ್ಞಿ ಮೊದಲ ಬಾರಿಗೆ ಪಾಶ್ಚಾತ್ಯ ಉಡುಪಿನಲ್ಲಿ ಸಾರ್ವಜನಿಕವಾಗಿ ಕಾಣಿಸಿಕೊಂಡರು. ಮರುವರ್ಷ ದೇಶದ ಮಹಿಳೆಯರು ಆ ಉಡುಪನ್ನು ತೊಡುವುದು ಒಳ್ಳೆಯದೆಂದೂ, ಆದರೆ ಬಟ್ಟೆ ಸ್ವದೇಶದ್ದೇ ಆಗಿರಲೆಂದೂ ಹೇಳಿಕೆ ಕೊಟ್ಟರು. ತಾವು ನಾಗರಿಕರೆಂದು ಪಶ್ಚಿಮದ ದೇಶಗಳಿಗೆ ಒಪ್ಪಿಸಬೇಕಾಗಿದ್ದ ಕಾಲ ಅದು. ಅಂದರೆ ಪ್ಯಾರಿಸ್ಸಿನ ಹೆಂಗಸು ಕಾರ್ಸೆಟ್ ಬಿಚ್ಚಿ ಕಿಮೋನೊದಲ್ಲಿ ಉಸಿರಾಡುತ್ತಿದ್ದಾಗ, ಟೋಕಿಯೋದ ಅರಮನೆಯ ಹೆಂಗಸರು ಕಿಮೋನೊ ಬಿಚ್ಚಿಟ್ಟು ಕಾರ್ಸೆಟ್ ಬಿಗಿದುಕೊಳ್ಳುತ್ತಿದ್ದರು. ಇಬ್ಬರಿಗೂ ತಾವು ಆಧುನಿಕರಾಗುತ್ತಿದ್ದೇವೆ ಎಂಬ ಭಾವನೆ! ಉಡುಪಿನಲ್ಲೇ ಬಿಡುಗಡೆ ಇದೆ, ಉಡುಪಿನಲ್ಲೇ ಬಂಧನವಿದೆ ಎಂದು ನಂಬುವವರು ಈ ಒಂದು ದೃಶ್ಯದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

ಅದೇ 1886ರಲ್ಲಿ ಇನ್ನೊಂದು ಘಟನೆ ನಡೆಯಿತು. ಫ್ಯಾಶನ್ ಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಕೋಫು ಪಟ್ಟಣದ ಅಮಮಿಯಾ ರೇಷ್ಮೆ ನೂಲು ಗಿರಣಿಯಲ್ಲಿ ದುಡಿಮೆಯ ಹೊತ್ತು ಹೆಚ್ಚಿಸಿ ಕೂಲಿ ಇಳಿಸಿದ್ದಕ್ಕೆ ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳು ಕೆಲಸ ಬಿಟ್ಟು ಹೊರಬಂದರು. ಜಪಾನಿನ ಕಾರ್ಖಾನೆಗಳ ಚರಿತ್ರೆಯಲ್ಲಿ ಇದನ್ನು ಮೊದಲ ಮುಷ್ಕರ ಎಂದು ಗುರುತಿಸುತ್ತಾರೆ. ಬಡ ರೈತರ ಮನೆಯ ಹುಡುಗಿಯರು, ಅಪ್ಪಂದಿರು ಮುಂಗಡ ಪಡೆದ ಹಣಕ್ಕೆ ಕರಾರಾಗಿ ಗಿರಣಿ ಸೇರಿದವರು, ಕುದಿಯುವ ನೀರಿನ ತೊಟ್ಟಿಯ ಮುಂದೆ ಬೆಳಗಿನಿಂದ ರಾತ್ರಿಯವರೆಗೆ ಗೂಡಿನಿಂದ ಎಳೆ ತೆಗೆಯುತ್ತಿದ್ದರು. ಕ್ಷಯ ಹಿಡಿದು ಊರಿಗೆ ಮರಳಿದವರು ಎಷ್ಟೋ ಮಂದಿ. 20ನೇ ಶತಮಾನದ ಆರಂಭದ ಹೊತ್ತಿಗೆ ಜಪಾನ್ ಚೀನಾವನ್ನು ಹಿಂದಿಕ್ಕಿ ಜಗತ್ತಿಗೇ ಅತಿ ಹೆಚ್ಚು ಕಚ್ಚಾ ರೇಷ್ಮೆ ರಫ್ತು ಮಾಡುವ ದೇಶವಾದದ್ದು ಈ ಹುಡುಗಿಯರ ಬೆರಳುಗಳಿಂದ. ಅದರ ಬಹುಪಾಲು ಅಮೆರಿಕಕ್ಕೆ ಹೋಗುತ್ತಿತ್ತು. ಪಶ್ಚಿಮದ ಹೆಣ್ಣಿನ ಮೈಮೇಲೆ ಹಗುರಾಗಿ ಇಳಿಯುತ್ತಿದ್ದ ರೇಷ್ಮೆಯ ಹಿಂದೆ ಇನ್ನೊಬ್ಬ ಹೆಣ್ಣಿನ ಉಬ್ಬಸವಿತ್ತು.

ಆ ರೇಷ್ಮೆ ವಿದ್ಯೆಯ ಒಂದು ಎಳೆ ನಮ್ಮ ನಾಡಿಗೂ ಬಂತು. ಜಮ್ಶೆಡ್‌ಜಿ ಟಾಟಾ 1890ರ ದಶಕದಲ್ಲಿ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ನಡೆಸಿದರು. ಬಸವನಗುಡಿಯ ಬಳಿಯ 'ಟಾಟಾ ಸಿಲ್ಕ್ ಫಾರ್ಮ್' ಎಂಬ ಹೆಸರು ಅದರ ಗುರುತು. ಮುಂದೆ 1991ರಿಂದ ಜಪಾನ್ ಸರಕಾರದ ಸಹಕಾರ ಸಂಸ್ಥೆ ಜೈಕಾ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ದ್ವಿತಳಿ ರೇಷ್ಮೆ ಬೆಳೆಸುವ ಯೋಜನೆ ನಡೆಸಿತು. ಜಪಾನಿನ ರೇಷ್ಮೆ ಎಂದರೆ ನಮಗೆ ಕೇವಲ ದೂರದ ಕಥೆಯಲ್ಲ.

ಮತ್ತೆ ಪ್ಯಾರಿಸ್ಸಿಗೆ ಬರೋಣ. 1900ರ ವಿಶ್ವ ಪ್ರದರ್ಶನದಲ್ಲಿ ಜಪಾನಿನ ನಟಿ ಸಾದಾಯಕ್ಕೊ ರಂಗಕ್ಕೆ ಬಂದಾಗ ಊರಿಗೆ ಊರೇ ಮರುಳಾಯಿತು. ಸ್ವಲ್ಪ ಕಾಲದಲ್ಲೇ ಅವಳ ಹೆಸರಿನ ಕಿಮೋನೊಗಳು ಅಂಗಡಿಗೆ ಬಂದವು. ತಕಶಿಮಾಯಾದಂಥ ಜಪಾನಿ ಕಂಪನಿಗಳೂ ರಫ್ತಿಗೆಂದೇ ಕಿಮೋನೊ ತಯಾರಿಸಿದವು. ಯುರೋಪಿನ ಹೆಂಗಸರ ಲಂಗದ ಘೇರಿಗೆ ಒಗ್ಗುವಂತೆ ಬದಿಯ ಹೊಲಿಗೆಯಲ್ಲಿ ಹೆಚ್ಚಿನ ತುಂಡು ಬಟ್ಟೆ ಸೇರಿಸಿ ಕೆಳಭಾಗವನ್ನು ಅಗಲ ಮಾಡಿದರು. ಅಂದರೆ ಕಿಮೋನೊವನ್ನು ಬದಲಿಸಿದವರಲ್ಲಿ ಪಶ್ಚಿಮದವರಷ್ಟೇ ಇರಲಿಲ್ಲ, ಗಿರಾಕಿಯ ಮನಸ್ಸು ಅರಿತ ಜಪಾನಿ ವ್ಯಾಪಾರಿಗಳೂ ಇದ್ದರು. 'ಕದ್ದರು' ಎಂಬ ಒಂದೇ ಮಾತಿನಲ್ಲಿ ಈ ಕಥೆಯನ್ನು ಮುಗಿಸಲಾಗದು.

ವಿನ್ಯಾಸಕಾರರ ಪೈಕಿ ಇಬ್ಬರ ಹೆಸರು ಹೇಳಲೇಬೇಕು. ಪಾಲ್ ಪೊಯ್ರೆ 20ನೇ ಶತಮಾನದ ಮೊದಲ ದಶಕದಲ್ಲಿ ನೇರ ಗೆರೆಯ, ಅಗಲ ತೋಳಿನ ಕೋಟುಗಳನ್ನು ಮಾಡಿದ, ಕಾರ್ಸೆಟ್ ಇಲ್ಲದ ಉಡುಪುಗಳನ್ನು ಹೊರತಂದ. ಮಡಲೀನ್ ವಿಯೊನೆ ಕ್ಯಾಲೊ ಸೋದರಿಯರ ಮಳಿಗೆಯಲ್ಲಿ ಕೆಲಸ ಮಾಡುವಾಗ ಕಿಮೋನೊದ ತೋಳಿನ ಪ್ರಯೋಗಗಳನ್ನು ಹತ್ತಿರದಿಂದ ಕಂಡವಳು. 1912ರಲ್ಲಿ ಸ್ವಂತ ಮಳಿಗೆ ತೆರೆದಳು. ಪೊಯ್ರೆ ಕಿಮೋನೊದ ಮೇಲ್ನೋಟವನ್ನು ತೆಗೆದುಕೊಂಡ, ವಿಯೊನೆ ಅದರ ತರ್ಕವನ್ನು ತೆಗೆದುಕೊಂಡಳು ಎಂಬುದು ನನ್ನ ಅಭಿಪ್ರಾಯ. ಬಟ್ಟೆಯನ್ನು ಸೊಂಟಕ್ಕೆ ಬಿಗಿಯುವ ಬದಲು ಭುಜದಿಂದ ಇಳಿಬಿಡಬೇಕು, ಚೌಕ, ಆಯತಗಳಂಥ ಸರಳ ತುಂಡುಗಳೇ ಮೈಗೆ ಸಾಕು, ಉಳಿದದ್ದನ್ನು ಬಟ್ಟೆಯ ತೂಕ ನೋಡಿಕೊಳ್ಳುತ್ತದೆ ಎಂಬ ಅರಿವು ಅವಳ ಕೈಕೆಲಸದಲ್ಲಿದೆ. 1920ರ ದಶಕದ ನೇರ ಗೌನುಗಳು, ಹಿಂದೆ ಕೊರಳಿನಿಂದ ಸರಿದು ನಿಂತ ಕಾಲರಿನ ಕೋಟುಗಳು ಈ ದಾರಿಯಲ್ಲೇ ಬಂದವು. ಹಿಂಗತ್ತು ಕಾಣುವಂತೆ ಕಾಲರನ್ನು ಹಿಂದಕ್ಕೆ ಸರಿಸುವುದು ಕಿಮೋನೊ ಉಡುವವರ ಹಳೆಯ ರೂಢಿ. ಮುಂದೆ 1950ರ ದಶಕದಲ್ಲಿ ಬಲೆನ್ಸಿಯಾಗನ ಕೋಟುಗಳಲ್ಲಿ ಅದೇ ಕೊರಳು ಮತ್ತೆ ಕಾಣಿಸಿಕೊಂಡಿತು.

ಆದರೆ ಕಿಮೋನೊ ಬಂದು ಕಾರ್ಸೆಟ್ ಬಿಚ್ಚಿಸಿತು ಎಂದು ಹೇಳುವಾಗ ಎಚ್ಚರ ಬೇಕು. ಕಾರ್ಸೆಟ್‌ನ ವಿರುದ್ಧ ವೈದ್ಯರು, ಉಡುಪು ಸುಧಾರಣೆಯ ಚಳವಳಿಯ ಹೆಂಗಸರು ದಶಕಗಳಿಂದ ಮಾತಾಡುತ್ತಿದ್ದರು. ಸೈಕಲ್ ಬಂತು, ಟೆನಿಸ್ ಬಂತು. ಮೊದಲ ಮಹಾಯುದ್ಧದಲ್ಲಿ ಹೆಂಗಸರು ಕಾರ್ಖಾನೆಗೆ ಹೋಗಬೇಕಾಯಿತು. ಬಿಡುಗಡೆಯ ಬೇಡಿಕೆ ಹುಟ್ಟಿದ್ದು ಅವರ ಬದುಕಿನಿಂದ. ಕಿಮೋನೊ ಕೊಟ್ಟದ್ದು ಆ ಬೇಡಿಕೆಗೆ ಕತ್ತರಿಯ ಭಾಷೆಯಲ್ಲಿ ಒಂದು ಉತ್ತರ. ಇನ್ನು ಪೊಯ್ರೆಯನ್ನು ಬಿಡುಗಡೆಯ ನಾಯಕ ಎನ್ನುವವರು ಅವನು 1910ರ ಸುಮಾರಿಗೆ ತಂದ, ಕಾಲಿನ ಬಳಿ ಬಿಗಿದು ಹೆಜ್ಜೆ ಹಾಕಲೂ ಬಿಡದ ಲಂಗವನ್ನು ಮರೆಯುತ್ತಾರೆ. ಎದೆಯನ್ನು ಬಿಡಿಸಿ ಕಾಲಿಗೆ ಸಂಕೋಲೆ ಹಾಕಿದೆ ಎಂದು ಅವನೇ ಒಪ್ಪಿಕೊಂಡಿದ್ದಾನೆ.

ಕಿಮೋನೊ ಹುಟ್ಟಿದ ಊರಿನಲ್ಲಿ ಅದು ಬಿಡುಗಡೆಯ ಉಡುಪಾಗಿತ್ತೇ? ಅದನ್ನೂ ಕೇಳಬೇಕು. ಹೆಂಗಸರ ಕಿಮೋನೊ ಅವರ ಎತ್ತರಕ್ಕಿಂತ ಉದ್ದ. ಹೆಚ್ಚಿನದನ್ನು ಸೊಂಟದಲ್ಲಿ ಮಡಚಿ ಕಟ್ಟಬೇಕು. ಮೇಲೆ ಒಬಿ. ಅದನ್ನು ಬಿಗಿದರೆ ದೀರ್ಘ ಉಸಿರು ಕಷ್ಟ, ಹೆಜ್ಜೆ ಗಿಡ್ಡ. ಮದುವೆಯಾಗದವಳ ತೋಳು ಉದ್ದ, ಮದುವೆಯಾದವಳದ್ದು ಗಿಡ್ಡ. ಉಡುಪು ನೋಡಿಯೇ ಹೆಣ್ಣಿನ ಸ್ಥಾನ ಹೇಳಿಬಿಡಬಹುದು. ಸಾಮ್ರಾಜ್ಞಿಯ 1887ರ ಹೇಳಿಕೆಯಲ್ಲೂ ಈ ಉಡುಪು ಚಲನೆಗೆ ಅಡ್ಡಿ ಎಂಬ ಮಾತಿತ್ತು. 1930ರ ದಶಕದಲ್ಲಿ ಯುದ್ಧವಿಮಾನ, ಟ್ಯಾಂಕುಗಳ ಚಿತ್ರವಿದ್ದ ಕಿಮೋನೊಗಳೂ ಬಂದವು. ಗಂಡುಮಕ್ಕಳಿಗೆ ಅವನ್ನು ತೊಡಿಸಿದರು. ಯುದ್ಧ ಬಿಗಿಯಾದಾಗ ಹೆಂಗಸರು ಕಿಮೋನೊ ಬಿಟ್ಟು ಮೊಂಪೆ ಎಂಬ ಗದ್ದೆ ಕೆಲಸದ ಪಾಯಿಜಾಮ ಹಾಕಬೇಕಾಯಿತು. ಇದರ ನಡುವೆ 1920ರ ದಶಕದಲ್ಲಿ ಮೆಯ್ಸೆನ್ ಎಂಬ ಅಗ್ಗದ ರೇಷ್ಮೆಯ, ಗಾಢ ಬಣ್ಣದ, ಯುರೋಪಿನ ಹೊಸ ಚಿತ್ರಕಲೆಯಿಂದ ಪ್ರೇರಿತ ವಿನ್ಯಾಸದ ಕಿಮೋನೊಗಳನ್ನು ತೊಟ್ಟು ಕಚೇರಿಗೆ, ಅಂಗಡಿಗೆ ದುಡಿಯಲು ಹೋದ ಹುಡುಗಿಯರೂ ಇದ್ದರು. ಅವರ ಪಾಲಿಗೆ ಅದೇ ಕಿಮೋನೊ ಸ್ವಂತ ಸಂಬಳದ ಸೊಗಸು. ಒಂದೇ ಉಡುಪು ಒಬ್ಬಳಿಗೆ ಕಟ್ಟು, ಇನ್ನೊಬ್ಬಳಿಗೆ ಹೆಮ್ಮೆ. ಯಾರು ಉಟ್ಟರು, ಯಾರ ಒತ್ತಾಯಕ್ಕೆ ಉಟ್ಟರು ಎಂದು ಕೇಳದೆ ಉಡುಪಿನ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ.

1970ರ ನಂತರ ಜಪಾನಿನವರೇ ಪ್ಯಾರಿಸ್ಸಿಗೆ ಬಂದು ಈ ಕಥೆಗೆ ಹೊಸ ಅಧ್ಯಾಯ ಬರೆದರು. ಕೆಂಜೊ ತಕಾದ 1970ರಲ್ಲಿ ಅಲ್ಲಿ ಅಂಗಡಿ ತೆರೆದು ನೇರ ಕತ್ತರಿಕೆಯ, ಅಗಲ ತೋಳಿನ, ಬಣ್ಣಬಣ್ಣದ ಉಡುಪುಗಳನ್ನು ತಂದರು. ಹನಾಯೆ ಮೋರಿ 1977ರಲ್ಲಿ ಪ್ಯಾರಿಸ್ಸಿನ ಉನ್ನತ ಫ್ಯಾಶನ್ ಮಳಿಗೆಗಳ ಸಾಲಿಗೆ ಸೇರಿದರು. ಮುಂದೆ 1985ರಲ್ಲಿ ಮಿಲಾನಿನ ಲಾ ಸ್ಕಾಲಾದಲ್ಲಿ ನಡೆದ 'ಮದಾಮ ಬಟರ್‌ಫ್ಲೈ'ಗೆ ವೇಷಭೂಷಣ ಮಾಡಿದ್ದೂ ಅವರೇ. ಬೇರೆಯವರು ಕಲ್ಪಿಸಿದ ಜಪಾನಿ ಹೆಣ್ಣಿಗೆ ಜಪಾನಿನ ಹೆಣ್ಣೊಬ್ಬಳು ಬಟ್ಟೆ ತೊಡಿಸಿದ ಸಂದರ್ಭ ಅದು. 1981ರಲ್ಲಿ ರೇಯ್ ಕವಾಕುಬೊ ಮತ್ತು ಯೋಜಿ ಯಮಮೊಟೊ ಕಪ್ಪು, ದೊಗಳೆ, ಅಂಚು ಹರಿದಂತಿದ್ದ ಉಡುಪುಗಳನ್ನು ಪ್ಯಾರಿಸ್ಸಿನಲ್ಲಿ ಪ್ರದರ್ಶಿಸಿದಾಗ ಕೆಲವು ವಿಮರ್ಶಕರು ಹಿರೋಷಿಮಾದ ಹೆಸರೆತ್ತಿ ಹಂಗಿಸಿದರು. ಸುಂದರ ಕಿಮೋನೊ ತರುವ ಜಪಾನ್ ಅವರಿಗೆ ಬೇಕಿತ್ತು, ಮೈಯ ಆಕಾರವನ್ನು ತೋರಿಸಲು ಒಪ್ಪದ ಜಪಾನ್ ಬೇಡವಾಗಿತ್ತು.

ಇವರೆಲ್ಲರಲ್ಲಿ ಕಿಮೋನೊದ ಒಳಗುಟ್ಟನ್ನು ಮುಂದಕ್ಕೆ ಒಯ್ದವರು ಇಸ್ಸೆ ಮಿಯಾಕೆ. 1938ರಲ್ಲಿ ಹಿರೋಷಿಮಾದಲ್ಲಿ ಹುಟ್ಟಿ, ಏಳನೆಯ ವಯಸ್ಸಿನಲ್ಲಿ ಬಾಂಬು ಬಿದ್ದದ್ದನ್ನು ಕಂಡು ಬದುಕುಳಿದವರು. ಆ ನೆನಪನ್ನು ಬದಿಗಿಟ್ಟು, ನಾಶವಾಗುವಂಥದನ್ನಲ್ಲ, ಕಟ್ಟುವಂಥದನ್ನು ಯೋಚಿಸಲು ಬಟ್ಟೆಯ ವಿನ್ಯಾಸಕ್ಕೆ ಬಂದೆ ಎಂದು 2009ರಲ್ಲಿ ಬರೆದರು. 'ಒಂದು ತುಂಡು ಬಟ್ಟೆ' ಎಂಬುದು 1970ರ ದಶಕದಿಂದಲೇ ಅವರ ಮಂತ್ರ. ಮೈಗೂ ಬಟ್ಟೆಗೂ ನಡುವೆ ಇರುವ ಗಾಳಿಯ ಜಾಗವನ್ನು ಅವರು ಗೌರವಿಸಿದರು. 1998ರ ಹೊತ್ತಿಗೆ ಎಪಾಕ್ ಎಂಬ ಕ್ರಮ ರೂಪಿಸಿದರು: ಯಂತ್ರ ಹೆಣೆದ ಉದ್ದನೆಯ ಕೊಳವೆಯಾಕಾರದ ಬಟ್ಟೆಯಲ್ಲೇ ಉಡುಪಿನ ಗೆರೆಗಳಿರುತ್ತವೆ, ಕೊಂಡವಳು ಕತ್ತರಿ ಹಿಡಿದು ತನಗೆ ಬೇಕಾದ ಉದ್ದಕ್ಕೆ ಕತ್ತರಿಸಿಕೊಳ್ಳಬಹುದು. ಅಹಮದಾಬಾದಿನ ಆಶಾ ಸಾರಾಭಾಯಿ ಜೊತೆಗೂಡಿ 1980ರ ದಶಕದಲ್ಲಿ ಭಾರತದ ಕೈಮಗ್ಗದ ಬಟ್ಟೆಯಲ್ಲಿ ಕೆಲಸ ಮಾಡಿದ್ದೂ ಇದೇ ಮಿಯಾಕೆ ಸ್ಟುಡಿಯೋ. ಅವರ ಉಡುಪುಗಳು ಕಿಮೋನೊದಂತೆ ಕಾಣುವುದಿಲ್ಲ. ಆದರೂ ಕಿಮೋನೊಗೆ ಅವರಷ್ಟು ಹತ್ತಿರದವರು ಇನ್ನೊಬ್ಬರಿಲ್ಲ. 2022ರಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಹೆಚ್ಚಾಗಿ ನೆನೆದದ್ದು ಸ್ಟೀವ್ ಜಾಬ್ಸ್‌ಗೆ ಮಾಡಿಕೊಟ್ಟ ಕಪ್ಪು ಅಂಗಿಯನ್ನು!

ಈಚಿನ ಎರಡು ವಿವಾದಗಳು ನಮ್ಮ ಚರ್ಚೆಗೆ ಉಪಯುಕ್ತ. 2015ರಲ್ಲಿ ಬೋಸ್ಟನ್ನಿನ ಕಲಾ ಮ್ಯೂಸಿಯಂ ಮೊನೆಯ ಆ ಚಿತ್ರದ ಮುಂದೆ ಅದೇ ಬಗೆಯ ಕಿಮೋನೊ ಇಟ್ಟು, ತೊಟ್ಟು ಫೋಟೊ ತೆಗೆಸಿಕೊಳ್ಳಿ ಎಂದು ಸಂದರ್ಶಕರನ್ನು ಕರೆಯಿತು. ಏಷ್ಯಾ ಮೂಲದ ಅಮೆರಿಕನ್ ಯುವಕ ಯುವತಿಯರು ಇದು ನಮ್ಮನ್ನು ವೇಷವಾಗಿ ನೋಡುವ ಹಳೆಯ ಚಾಳಿ ಎಂದು ಪ್ರತಿಭಟಿಸಿದರು. ಮ್ಯೂಸಿಯಂ ತೊಡುವುದನ್ನು ನಿಲ್ಲಿಸಿ ಮುಟ್ಟಿ ನೋಡಲು ಮಾತ್ರ ಬಿಟ್ಟಿತು. ಆಗ ಜಪಾನಿನ ಕೆಲವರು ಕಿಮೋನೊ ಉಟ್ಟುಕೊಂಡೇ ಬಂದು, ಎಲ್ಲರೂ ತೊಡಲಿ, ನಮಗೆ ಸಂತೋಷ ಎಂದರು. ನನಗೆ ಇಬ್ಬರ ಮಾತೂ ಅರ್ಥವಾಗುತ್ತದೆ. ಬಹುಸಂಖ್ಯಾತನಾಗಿ ತನ್ನ ದೇಶದಲ್ಲಿ ಬದುಕುವವನಿಗೆ ಬೇರೆಯವರು ತನ್ನ ಉಡುಪು ತೊಟ್ಟರೆ ಅದು ಅಭಿಮಾನ. ಅಲ್ಪಸಂಖ್ಯಾತನಾಗಿ ಪರದೇಶದಲ್ಲಿ ತನ್ನ ಉಡುಪಿಗಾಗಿಯೇ ಗೇಲಿಗೆ ಒಳಗಾದವನಿಗೆ ಅದೇ ದೃಶ್ಯ ನೋವು. ಒಬ್ಬರ ಅನುಭವದಿಂದ ಇನ್ನೊಬ್ಬರ ಅನುಭವವನ್ನು ಸುಳ್ಳು ಮಾಡಲಾಗದು.

ಎರಡನೆಯದು 2019ರದ್ದು. ಅಮೆರಿಕದ ಟಿವಿ ತಾರೆ ಕಿಮ್ ಕಾರ್ಡಾಶಿಯನ್ ತನ್ನ ಹೊಸ ಒಳಉಡುಪು ಕಂಪನಿಗೆ 'ಕಿಮೋನೊ' ಎಂದು ಹೆಸರಿಟ್ಟು, ಆ ಪದದ ಟ್ರೇಡ್‌ಮಾರ್ಕಿಗೆ ಅರ್ಜಿ ಹಾಕಿದಳು. ತನ್ನ ಹೆಸರಿನ ಕಿಮ್ ಅದರಲ್ಲಿದೆ ಎಂಬುದು ಆ ಪದದಾಟ. ಜಪಾನಿನಲ್ಲಿ ಗದ್ದಲವೆದ್ದಿತು. ಕ್ಯೋಟೋದ ಮೇಯರ್ ಬಹಿರಂಗ ಪತ್ರ ಬರೆದು ಹೆಸರು ಬದಲಿಸಲು ವಿನಂತಿಸಿದರು. ಕೆಲವೇ ದಿನಗಳಲ್ಲಿ ಅವಳು ಹಿಂದೆ ಸರಿದಳು. ಕಂಪನಿಯ ಹೆಸರು ಸ್ಕಿಮ್ಸ್ ಆಯಿತು. ಎಲ್ಲರೂ ಹೆಸರಿನ ಹಕ್ಕಿನ ಬಗ್ಗೆ ಮಾತಾಡಿದರು. ಆ ಸರಕು ಏನು ಎಂಬುದರ ಬಗ್ಗೆ ಅಷ್ಟು ಮಾತು ನಡೆಯಲಿಲ್ಲ. ಹೊಟ್ಟೆ, ಸೊಂಟ, ತೊಡೆಗಳನ್ನು ಒತ್ತಿ ಹಿಡಿದು ಮೈಯನ್ನು ಬೇಕಾದ ಆಕಾರಕ್ಕೆ ತರುವ ಉಡುಪು ಅದು. ಹಳೆಯ ಕಾರ್ಸೆಟ್‌ನ ಮೊಮ್ಮಗಳು. ಹೆಣ್ಣಿನ ಮೈಯನ್ನು ಬಿಗಿಯುವ ಅಗತ್ಯವಿಲ್ಲ ಎಂದು ಪಶ್ಚಿಮಕ್ಕೆ ತೋರಿಸಿಕೊಟ್ಟ ಉಡುಪಿನ ಹೆಸರನ್ನೇ ತಂದು ಬಿಗಿಯುವ ಸರಕಿಗೆ ಅಂಟಿಸುವುದಕ್ಕೆ ನೂರು ವರ್ಷ ಸಾಕಾಯಿತು.

ಹಾಗಾದರೆ ಆಧುನಿಕ ಸ್ತ್ರೀ ಉಡುಪಿನ ಮೇಲೆ ಕಿಮೋನೊದ ಪ್ರಭಾವ ಎಷ್ಟು? ಆಕಾರದ ಮಟ್ಟದಲ್ಲಿ ಅದು ಗೆದ್ದಿದೆ. ಭುಜದಿಂದ ಇಳಿಯುವ ಬಟ್ಟೆ, ಅಗಲ ತೋಳು, ಗುಂಡಿಯಿಲ್ಲದೆ ಒಂದರ ಮೇಲೊಂದು ಮಡಚುವ ಮುಂಭಾಗ ಇವತ್ತು ಯಾರಿಗೂ ವಿಶೇಷವೆನಿಸುವುದಿಲ್ಲ. ಮೈಯನ್ನು ಎತ್ತಿ ತೋರಿಸದೆಯೂ ಚೆಂದವಾಗಿ ಉಡಬಹುದು ಎಂಬ ಅಭಿರುಚಿಗೂ ಅದು ಬಲ ಕೊಟ್ಟಿದೆ. ಮೈ ಮುಚ್ಚುವ ಉಡುಪನ್ನು ಬಯಸುವ ಮುಸ್ಲಿಂ ಮಹಿಳೆಯರಿಗೆ 'ಕಿಮೋನೊ ಅಬಾಯ' ಹಿಡಿಸಿದ್ದು ಆಕಸ್ಮಿಕವಲ್ಲ. ಜಪಾನಿ ತಂದೆ ಮತ್ತು ಇಂಗ್ಲಿಷ್ ತಾಯಿಯ ಮಗಳು, ಯೌವನದಲ್ಲಿ ಇಸ್ಲಾಮ್ ಸ್ವೀಕರಿಸಿದ ವಿನ್ಯಾಸಕಿ ಹನಾ ತಾಜಿಮಾ 2015ರಲ್ಲಿ ಜಪಾನಿನ ಯುನಿಕ್ಲೋ ಕಂಪನಿಗೆ ದೊಗಳೆ ಉಡುಪು, ಹಿಜಾಬುಗಳ ಸಾಲೊಂದನ್ನು ರೂಪಿಸಿದಾಗ ಅದು ಆಗ್ನೇಯ ಏಷ್ಯಾದಿಂದ ಅಮೆರಿಕದ ಅಂಗಡಿಗಳವರೆಗೂ ಹೋಯಿತು. ಅದನ್ನು ಕೊಂಡವರಲ್ಲಿ ಎಲ್ಲರೂ ಒಂದೇ ಕಾರಣಕ್ಕೆ ಕೊಂಡಿರಲಾರರು. ಒಬ್ಬಳಿಗೆ ಅದು ಧರ್ಮ, ಇನ್ನೊಬ್ಬಳಿಗೆ ಸೆಕೆ, ಮತ್ತೊಬ್ಬಳಿಗೆ ಬರೀ ಇಷ್ಟ.

ಆದರೆ ಕಿಮೋನೊದ ಇನ್ನರ್ಧ, ಅಂದರೆ ಅದರ ಮನೆವಾರ್ತೆಯ ವಿವೇಕ, ಹಡಗು ಹತ್ತಲೇ ಇಲ್ಲ. ಒಂದು ಥಾನನ್ನು ಪೂರ್ತಿ ಬಳಸುವುದು, ಬಿಚ್ಚಿ ತೊಳೆದು ಮತ್ತೆ ಹೊಲಿಯಲು ಬರುವಂತೆ 'ಹೊಲಿಯುವುದು', ಮೂರು ತಲೆಮಾರಿಗೆ ಆಗುವಂತೆ ನೇಯುವುದು ಯಾವುದೂ ಬರಲಿಲ್ಲ. ಇವತ್ತು ಕಿಮೋನೊ ಎಂಬ ಚೀಟಿ ಅಂಟಿಸಿಕೊಂಡು ಬರುವ ಹೆಚ್ಚಿನವು ಪಾಲಿಯೆಸ್ಟರ್. ನಾಲ್ಕು ಒಗೆತಕ್ಕೆ ಹೊಲಿಗೆ ಬಿಡುತ್ತವೆ, ಆಮೇಲೆ ಕಸದ ಬುಟ್ಟಿ. ಅವನ್ನು ಹೊಲಿಯುವವರು ಢಾಕಾದಲ್ಲೋ ತಿರುಪ್ಪೂರಿನಲ್ಲೋ ಬೆಂಗಳೂರಿನ ಪೀಣ್ಯದಲ್ಲೋ ಗಂಟೆಗಿಷ್ಟು ತುಂಡು ಎಂಬ ಗುರಿಯ ಹಿಂದೆ ಓಡುವ ಹೆಣ್ಣುಮಕ್ಕಳು. ಕೋಫುವಿನ ಗಿರಣಿಯ ಹುಡುಗಿಯರ ಜಾಗಕ್ಕೆ ಇವರು ಬಂದಿದ್ದಾರೆ. ಪ್ರಭಾವ ಎಂಬ ದೊಡ್ಡ ಮಾತು ಆಡುವಾಗ ಈ ಲೆಕ್ಕವನ್ನೂ ಸೇರಿಸಬೇಕು.

ಯಾವ ಉಡುಪೂ ಒಬ್ಬರ ಆಸ್ತಿಯಲ್ಲ. ಕೋರಮಂಡಲದ ಚೀಟಿಯಲ್ಲಿ ಹೊಲಿದ ಜಪಾನಿ ಗೌನು ಅದನ್ನು ಮುನ್ನೂರು ವರ್ಷಗಳ ಹಿಂದೆಯೇ ಹೇಳಿದೆ. ಆದ್ದರಿಂದ ತೊಡಬೇಡಿ ಎಂದು ಯಾರನ್ನೂ ತಡೆಯಬೇಕಾಗಿಲ್ಲ. ತೆಗೆದುಕೊಂಡವರು ಏನನ್ನು ತೆಗೆದುಕೊಂಡರು ಎಂದು ಕೇಳುವ ಹಕ್ಕು ಮಾತ್ರ ನಮಗಿದೆ. ಮುಂದಿನ ಸಲ ಟೈಲರ್ ಅಂಗಡಿಗೆ ಹೋದಾಗ ಹೊಲಿಗೆ ಮೆಷಿನ್‌ನ ಕೆಳಗೆ ಒಮ್ಮೆ ನೋಡಿ. ಕಂಕುಳಿನ ತಿರುವಿಗೆ, ಕತ್ತಿನ ಗುಂಡಿಗೆ, ಸೊಂಟದ ಬಾಗಿಗೆಂದು ಕತ್ತರಿಸಿ ಬಿಟ್ಟ ಚಿಂದಿಯ ರಾಶಿ ಅಲ್ಲಿರುತ್ತದೆ. ಕಿಮೋನೊ ಹೊಲಿಯುವವಳ ಕಾಲಬುಡದಲ್ಲಿ ಆ ರಾಶಿ ಇರುತ್ತಿರಲಿಲ್ಲ.